ಮಾದರಿ ಆಕ್ಷೇಪಣೆ

ಪುರಸಭೆಯಲ್ಲಿ ನನಗೆ ಕೆಂಪು ಪೆನ್ನಮ್ಮ ಅಂತ ಹೆಸರು. ಎದುರಿಗೆ ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ಕೆಂಪು ಪೆನ್ನಮ್ಮ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಇಪ್ಪತ್ತೆರಡು ವರ್ಷದಿಂದ ಈ ಕಟ್ಟಡದ ಒಂದು ಕಾಗದವೂ ನನ್ನ ಕಣ್ಣು ತಪ್ಪಿಸಿ ಹೊರಗೆ ಹೋದದ್ದಿಲ್ಲ. ನೀರಿನ ಪೈಪು ಒಡೆದ ವರದಿ ಇರಲಿ, ಬೀದಿ ದೀಪದ ದೂರಿರಲಿ, ಮೊದಲು ನನ್ನ ಮೇಜಿಗೆ ಬರಬೇಕು, ಕೆಂಪು ಗೀಟು ಹಾಕಿಸಿಕೊಳ್ಳಬೇಕು, ಆಮೇಲೆ ಟಪಾಲಿಗೆ. ನಮ್ಮ ಅಧ್ಯಕ್ಷರು ಮೂಲತಃ ಟೈಲರ್. "ನಾನು ಬಟ್ಟೆಗೆ ಮಾಡೋದನ್ನ ನೀವು ಕಾಗದಕ್ಕೆ ಮಾಡ್ತೀರಿ ಮೇಡಂ. ಆದ್ರೆ ನನ್ನ ಗಿರಾಕಿಗಳು ನನ್ನ ಕಂಡು ಇಷ್ಟು ಹೆದರ್ತಿರಲಿಲ್ಲ" ಅಂತ ಅವರು ನಗುತ್ತಿದ್ದರು.

ಆ ವರ್ಷ ಟೆಲಿಫೋನ್ ಕಂಪನಿಯ ಪ್ರಕಟಣೆ ಬಂತು. ಊರಿನ ಹಳೆಯ ತಾಮ್ರದ ತಂತಿಯನ್ನೆಲ್ಲ ತೆಗೆಯುತ್ತಾರಂತೆ. ಕೆಳಗಿನ ಊರಿಗೆ ಬ್ರಾಡ್‌ಬ್ಯಾಂಡ್ ಕೇಬಲ್ಲು ಬರುತ್ತದಂತೆ. ಗುಡ್ಡದ ಮೇಲಿರುವ ಮೇಲಿನ ಬೀದಿಗೆ ಮಾತ್ರ ಕೇಬಲ್ಲು ಎಳೆಯುವುದು ಕಷ್ಟ, ಅಲ್ಲಿಯವರಿಗೆ ಮನೆಗೊಂದು ಡಬ್ಬಿ. ಡಬ್ಬಿ ಟವರಿನಿಂದ ಸಿಗ್ನಲ್ ಹಿಡಿಯುತ್ತದೆ, ಫೋನಿಗೂ ಇಂಟರ್ನೆಟ್ಟಿಗೂ ಅದೇ ಸಾಕು. ಪ್ರಕಟಣೆಯಲ್ಲಿ ಇದಕ್ಕೆ ಸೇವಾ ಉನ್ನತೀಕರಣ ಅಂತ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು: ಡಬ್ಬಿಗೆ ವಿದ್ಯುತ್ ಸಂಪರ್ಕ ಅಗತ್ಯ.

ಆ ಸಾಲಿನ ಕೆಳಗೆ ಕೆಂಪು ಗೀಟು ಎಳೆದೆ. ಮೇಲಿನ ಬೀದಿಯ ಕೊನೆಯ ಮನೆ ನನ್ನ ಅಕ್ಕನದು.

ಭಾವ ಮೂವತ್ತು ವರ್ಷ ಬಸ್ಸುಗಳಿಗೆ ಬಣ್ಣ ಸ್ಪ್ರೇ ಮಾಡಿದವರು. ಆ ಬಣ್ಣ ಅರ್ಧ ಬಸ್ಸಿಗೆ ಹೋಯಿತು, ಅರ್ಧ ಅವರ ಶ್ವಾಸಕೋಶಕ್ಕೆ. ಈಗ ಮೂರು ವರ್ಷದಿಂದ ಮೂಗಿಗೆ ನಳಿಗೆ, ಮಂಚದ ಪಕ್ಕ ಆಕ್ಸಿಜನ್ ಮಿಷನ್ನು. ಅದು ಕರೆಂಟಿನಿಂದ ಓಡುತ್ತದೆ, ಮನೆಗಳಿಗೆ ಹಾಕಿಸುವ ಇನ್ವರ್ಟರ್ ಅದನ್ನು ಎಳೆಯುವುದಿಲ್ಲ, ಹಾಗಾಗಿ ಅಕ್ಕ ಇನ್ವರ್ಟರ್ ಹಾಕಿಸಿಯೇ ಇರಲಿಲ್ಲ. ಕರೆಂಟು ಹೋದರೆ ಮೂಲೆಯಲ್ಲಿ ಒಂದು ಸಣ್ಣ ಸಿಲಿಂಡರ್ ಇದೆ, ಅರ್ಧ ಗಂಟೆ ಬರುತ್ತದೆ. ಆ ಅರ್ಧ ಗಂಟೆಯಲ್ಲಿ ಅಕ್ಕ ಗುಡ್ಡದ ಬುಡದ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡುತ್ತಾಳೆ, ನರ್ಸಮ್ಮ ಆಳಿನ ಕೈಯಲ್ಲಿ ದೊಡ್ಡ ಸಿಲಿಂಡರ್ ಹೊರಿಸಿಕೊಂಡು ನೂರ ಹದಿನೆಂಟು ಮೆಟ್ಟಿಲು ಹತ್ತಿ ಬರುತ್ತಾರೆ. ಕರೆಂಟು ಹೋದರೂ ಹಳೆಯ ಫೋನು ಹೋಗುವುದಿಲ್ಲ, ಅದರ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ ಬರುವ ಕರೆಂಟಿರುತ್ತದೆ. ಅಕ್ಕ ಭಾವನ ಸಂಸಾರ ನಿಂತಿದ್ದದ್ದೇ ಆ ತಂತಿಯ ಮೇಲೆ.

ನಾನು ಅಧ್ಯಕ್ಷರಿಗೆ ವಿವರಿಸಿದೆ. ಕೆಳಗಿನ ಊರಿನ ಸದಸ್ಯರು ಮೂಗು ಮುರಿದರು. ಬ್ರಾಡ್‌ಬ್ಯಾಂಡ್ ಬಾಗಿಲಿಗೆ ಬಂದಿರುವಾಗ ಇದೇನು ತಗಾದೆ ಅಂದರು. ಅಧ್ಯಕ್ಷರು ಒಳ್ಳೆಯವರು. "ಕೇಬಲ್ಲು ಬೇಡ ಅಂತ ಯಾರು ಹೇಳಿದ್ರು? ಗುಡ್ಡಕ್ಕೂ ಎಳೀಲಿ, ಆಮೇಲೆ ತಂತಿ ತೆಗೀಲಿ" ಅಂದು ಠರಾವು ಪಾಸು ಮಾಡಿಸಿದರು. ದೂರಸಂಪರ್ಕ ಮಂಡಳಿಗೆ ನಲವತ್ತೈದು ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದಿತ್ತು. ಪುರಸಭೆಯದ್ದು ಒಂದು ಹೋದರೆ ಸಾಲದು, ಜನರಿಂದಲೂ ಬರೆಸೋಣ, ಮಂಡಳಿಯವರ ಮೇಜು ತುಂಬಿಹೋಗಲಿ ಅಂತ ಐಡಿಯಾ ಕೊಟ್ಟವಳು ನಾನೇ.

ಹತ್ತು ದಿನ ಸಂಜೆ ಸಭಾಂಗಣದಲ್ಲಿ ಮೇಜು ಹಾಕಿಸಿದೆ. ಜನ ಬಂದರು. ಕೈಯಲ್ಲಿ ಕಾಗದ ಹಿಡಿದೇ ಬಂದರು. ಅಯ್ಯೋ, ಆ ಕಾಗದಗಳೇ! ಬೇಕರಿಯವನು ಕಂಪನಿಯ ಬಿಲ್ಲಿನ ಹಿಂದೆ ನಾಲ್ಕು ಸಾಲು ಬೈಗುಳ ಬರೆದು ತಂದಿದ್ದ. ಬೀಗ ರಿಪೇರಿ ಮುದುಕರು ತಮ್ಮ ಫೋನು ಬಂದ ದಿನ ಇಡೀ ಬೀದಿ ಅವರ ಮನೆಗೆ ಬಂದು ಸಾಲಾಗಿ ನಿಂತು "ಹಲೋ" ಅಂದದ್ದನ್ನು ಬರೆದಿದ್ದರು. ಒಬ್ಬ ಟೀಚರ್ ಪ್ರಬಂಧ ಬರೆದಿದ್ದಳು, ಅದರಲ್ಲಿ ಎಲ್ಲಾ ಇತ್ತು, ಆಕ್ಷೇಪಣೆಯೊಂದು ಬಿಟ್ಟು. ವಿಷಯ ಇಲ್ಲ, ಉಲ್ಲೇಖ ಇಲ್ಲ, ದಿನಾಂಕ ಇಲ್ಲ. ಇವನ್ನು ಹೀಗೇ ಕಳಿಸಿದರೆ ಮಂಡಳಿಯವರು ನಮ್ಮನ್ನು ನೋಡಿ ನಗುವುದಿಲ್ಲವೇ? ನನ್ನ ಊರಿನ ಮಾನ ನನ್ನ ಕೈಯಲ್ಲಿದೆ ಅಂತ ನನಗೆ ಅನ್ನಿಸಿತು.

ಒಂದು ರಾತ್ರಿ ಕೂತು ಮಾದರಿ ಪತ್ರ ಸಿದ್ಧ ಮಾಡಿದೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಅಂಥ ಕರಡು ನಾನು ಜನ್ಮದಲ್ಲಿ ಬರೆದಿರಲಿಲ್ಲ. "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಪರ್ಯಾಯ ವ್ಯವಸ್ಥೆಯು ವಿದ್ಯುತ್ ವ್ಯತ್ಯಯದ ಸಂದರ್ಭದಲ್ಲಿ ಕಾರ್ಯನಿರ್ವಹಿಸದಿರುವುದರಿಂದ ಸಾರ್ವಜನಿಕರ ಸುರಕ್ಷತೆಗೆ ಧಕ್ಕೆಯುಂಟಾಗುವ ಸಂಭವವಿರುತ್ತದೆ." ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಮಾರನೆಯ ಸಂಜೆ ಅದನ್ನು ದೊಡ್ಡದಾಗಿ ಬೋರ್ಡಿನ ಮೇಲೆ ಬರೆಸಿದೆ. ಬಂದವರೆಲ್ಲ ಕೂತು ನಕಲು ಮಾಡಬೇಕು. ತಪ್ಪಿದ್ದರೆ ನಾನು ಕೆಂಪು ಗೀಟು ಹಾಕಿ ಮತ್ತೆ ಬರೆಸುತ್ತಿದ್ದೆ. ಬೇಕರಿಯವನು ಮೂರು ಸಲ ಬರೆದ. "ಮೇಡಂ, ನನ್ನ ಬೈಗುಳದಲ್ಲಿ ಒಂದಾದ್ರೂ ಉಳಿಸ್ಕೊಳ್ಳಿ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ, ಉಳಿಸಲಿಲ್ಲ.

ಏಳನೆಯ ದಿನ ಅಕ್ಕ ಬಂದಳು. ಪಕ್ಕದ ಮನೆಯಾಕೆಯನ್ನು ಭಾವನ ಹತ್ತಿರ ಕೂರಿಸಿ, ಮಂಡಿ ನೋವಿನಲ್ಲಿ ಅಷ್ಟು ಮೆಟ್ಟಿಲು ಇಳಿದು ಬಂದಿದ್ದಳು. ಚೀಲದಿಂದ ಮಡಚಿದ ಹಾಳೆಗಳನ್ನು ತೆಗೆದು ನನ್ನ ಮುಂದಿಟ್ಟಳು. ಎಂಟು ಪುಟ. ನೋಟ್‌ಬುಕ್ಕಿನಿಂದ ಹರಿದದ್ದು, ಅಂಚು ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದಳು. ಮೊದಲ ಪುಟದ ಬಲ ಮೂಲೆಯಲ್ಲಿ ದಿನಾಂಕ. ಅದನ್ನು ನೋಡಿ ನನಗೆ ಖುಷಿಯಾಯಿತು. ದಿನಾಂಕ ಹಾಕಬೇಕೆಂದು ಗೊತ್ತಿದ್ದವಳು ಇಡೀ ಬೀದಿಗೆ ಅವಳೊಬ್ಬಳೇ.

"ಮೊದಲನೇ ಸಲ ಕರೆಂಟು ಹೋದಾಗ ನಾನು ಬಟ್ಟೆ ಒಗೀತಿದ್ದೆ" ಅಂತ ಶುರುವಾಗಿತ್ತು. "ಮಿಷನ್ನಿನ ಸದ್ದು ನಿಂತಿತು. ಆ ಸದ್ದು ನಿಂತರೆ ನನಗೆ ನಲ್ಲಿ ನೀರಿನ ಸದ್ದೂ ಕೇಳಿಸೋದಿಲ್ಲ. ಸೋಪಿನ ಕೈಯಲ್ಲೇ ಹೋಗಿ ಸಿಲಿಂಡರ್ ತಿರುಗಿಸಿದೆ, ಸೋಪಿನ ಕೈಯಲ್ಲೇ ಫೋನು ಮಾಡಿದೆ. ಕಣ್ಣು ಮುಚ್ಚಿದ್ದರೂ ನನ್ನ ಬೆರಳಿಗೆ ಆ ನಂಬರು ಗೊತ್ತು."

ಎರಡನೆಯ ಸಲ, ಮೂರನೆಯ ಸಲ, ಹೀಗೇ ಸಾಗಿತ್ತು. ಒಂದು ಪುಟದ ತುಂಬ ಫೋನಿನ ಸ್ಟೂಲಿನ ವರ್ಣನೆ, ಅದನ್ನು ಮಂಚದಿಂದ ಎಷ್ಟು ದೂರ ಇಟ್ಟಿದ್ದಾಳೆ, ಯಾಕೆ ಇಟ್ಟಿದ್ದಾಳೆ ಅಂತ. ಆರನೆಯ ಪುಟದಲ್ಲಿ ಹೀಗಿತ್ತು: "ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗಬೇಕಾದರೆ ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ಪಕ್ಕ ನಿಂತು ಕಿರುಚಬೇಕು. ಈ ಫೋನಿನಲ್ಲಿ ಹಾಗಲ್ಲ. ನಾನು ಮೆತ್ತಗೆ ಮಾತಾಡುತ್ತೇನೆ. ನಾನು ಹೆದರಿದ್ದೇನೆ ಅಂತ ಅವರಿಗೆ ಗೊತ್ತಾಗಬಾರದು. ಗೊತ್ತಾದರೆ ಅವರ ಉಸಿರು ಇನ್ನೂ ಕೆಡುತ್ತದೆ. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಅವರ ಕೈ. ಮೂರು ಸಲವೂ ಹಾಗೇ ಮಾಡಿದ್ದೇನೆ, ಮೂರು ಸಲವೂ ಉಳಿದಿದ್ದಾರೆ."

ನಾನು ಏನು ಮಾಡಿದೆ? ಈಗ ಬರೆಯಲು ನಾಚಿಕೆಯಾಗುತ್ತದೆ. ಕೆಂಪು ಪೆನ್ನು ತೆಗೆದುಕೊಂಡು "ಬಟ್ಟೆ ಒಗೀತಿದ್ದೆ" ಅನ್ನುವುದರ ಮೇಲೆ ಗೀಟು ಎಳೆದೆ. ಸೋಪಿಗೆ ಗೀಟು, ಸ್ಟೂಲಿಗೆ ಗೀಟು. ಎಂಟು ಪುಟದಲ್ಲಿ ಗೀಟು ಬೀಳದ ಸಾಲು ನಾಲ್ಕೈದು ಉಳಿದಿರಬಹುದು.

"ಏನೇ ಅಕ್ಕ ಇದು? ಮಂಡಳಿಯವರಿಗೆ ಕಾಗಕ್ಕ ಗುಬ್ಬಕ್ಕನ ಕಥೆ ಹೇಳೋಕೆ ಹೊರಟಿದ್ದೀಯಲ್ಲ! ನೀನು ಬಟ್ಟೆ ಒಗೀತಿದ್ರೆ ಅವರಿಗೇನು, ಪಾತ್ರೆ ತೊಳೀತಿದ್ರೆ ಅವರಿಗೇನು?"

ಪಕ್ಕದ ಮೇಜಿನವರು ಕಿಸಕ್ಕೆಂದರು. ಅಕ್ಕ ಬೋರ್ಡಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ತಪ್ಪಾಯ್ತೇನೆ? ನಂಗೇನು ಗೊತ್ತು. ನಡೆದಿದ್ದು ಬರೀಬೇಕು ಅಂದ್ಕೊಂಡೆ."

"ನಡೆದಿದ್ದೆಲ್ಲ ಬರೆಯೋದಲ್ಲ ಕಣೆ. ಅಲ್ಲಿ ನೋಡು, ಹಾಗೆ ಬರಿ."

ಅವಳು ಕೂತು ಬರೆದಳು. ನಾನು ಸಣ್ಣವಳಿದ್ದಾಗ ನೆಲದ ಮೇಲೆ ಒದ್ದೆ ಬೆರಳಿನಿಂದ ನನಗೆ ಅಕ್ಷರ ತಿದ್ದಿಸಿದವಳು ಅವಳು. ಈಗ ಅವಳು ಗುಂಡು ಗುಂಡಾಗಿ ಬರೆದ "ಅವಗಾಹನೆ" ನೋಡಿ ನಾನು ಭೇಷ್ ಅಂದೆ. ಎಂಟು ಪುಟಗಳನ್ನು ಬಿಸಾಡಲು ಮನಸ್ಸು ಬರಲಿಲ್ಲ, ನನ್ನ ಫೈಲಿನಲ್ಲಿ ಇಟ್ಟುಕೊಂಡೆ.

ಒಟ್ಟು ಆರುನೂರ ಹನ್ನೆರಡು ಪತ್ರಗಳಾದವು. ಎರಡು ಪೆಟ್ಟಿಗೆಯಲ್ಲಿ ತುಂಬಿ ಅಧ್ಯಕ್ಷರೂ ನಾನೂ ವಿಚಾರಣೆಗೆ ಹೋದೆವು. ಉದ್ದನೆಯ ಕೋಣೆ, ಮೈಕುಗಳು, ಗಾಜಿನ ಲೋಟಗಳ ಮೇಲೆ ಕಾಗದದ ಮುಚ್ಚಳ. ಕಂಪನಿಯ ವಕೀಲರು ನಲವತ್ತು ನಿಮಿಷ ಬಣ್ಣಬಣ್ಣದ ನಕ್ಷೆ ತೋರಿಸಿದರು. ಅದರಲ್ಲಿ ನಮ್ಮ ಮೇಲಿನ ಬೀದಿ ಪೂರ್ತಿ ಹಸಿರು, ಅಂದರೆ ಸಿಗ್ನಲ್ ಭರ್ಜರಿ. ಅಕ್ಕನ ನೀರಿನ ಟ್ಯಾಂಕೂ ಹಸಿರು, ಮಂಚವೂ ಹಸಿರು. ಸ್ಥಳೀಯ ಸಂಸ್ಥೆಗೆ ಮೂರು ನಿಮಿಷ. ಅಧ್ಯಕ್ಷರು ಎದ್ದು ನಿಂತು ನಾನು ಬರೆದುಕೊಟ್ಟದ್ದನ್ನು ಓದಿದರು, ಎರಡೂವರೆ ನಿಮಿಷಕ್ಕೆ ಮುಗಿಯಿತು. ಉಳಿದ ಅರ್ಧ ನಿಮಿಷದಲ್ಲಿ ಹಣೆ ಒರೆಸಿಕೊಂಡರು. ಮಂಡಳಿಯ ಅಧಿಕಾರಿ ಸೌಜನ್ಯದ ಮನುಷ್ಯ. ಪೆಟ್ಟಿಗೆ ತೆರೆಸಿ, ಮೇಲಿನ ಐದಾರು ಪತ್ರ ತಿರುವಿ, "ತುಂಬ ಶಿಸ್ತಾಗಿ ಬರೆದಿದ್ದಾರೆ" ಅಂದರು. ನನ್ನ ಮುಖ ಅರಳಿತು. ವಾಪಸು ಬರುವಾಗ ಬಸ್ಸಿನಲ್ಲಿ ಅಧ್ಯಕ್ಷರಿಗೆ ಅದನ್ನು ನಾಲ್ಕು ಸಲ ಹೇಳಿದೆ.

ಒಂದು ತಿಂಗಳಿಗೆ ಆದೇಶ ಬಂತು. ಹನ್ನೊಂದನೆಯ ಪುಟದಲ್ಲಿ ಹೀಗಿತ್ತು: "ಸ್ವೀಕೃತ ಆಕ್ಷೇಪಣೆಗಳು ಎರಡು. ಒಂದು, ಪುರಸಭೆಯದು. ಎರಡು, 612 ಮಂದಿ ಸಲ್ಲಿಸಿದ ಏಕರೂಪದ ಪತ್ರ. ಒಂದೇ ಒಕ್ಕಣೆಯ ಪತ್ರಗಳನ್ನು ನಿಯಮಾನುಸಾರ ಒಂದೇ ಆಕ್ಷೇಪಣೆಯೆಂದು ಪರಿಗಣಿಸಲಾಗಿದೆ. ಎರಡರಲ್ಲೂ ತೊಂದರೆಯ ಸಂಭವವನ್ನು ಹೇಳಲಾಗಿದೆಯೇ ಹೊರತು, ನಿರ್ದಿಷ್ಟವಾಗಿ ಯಾವುದೇ ಒಂದು ಮನೆಯ ನಿದರ್ಶನ ದಾಖಲೆಯಲ್ಲಿಲ್ಲ. ಆದ್ದರಿಂದ ಕಂಪನಿಗೆ ಅನುಮತಿ ನೀಡಲಾಗಿದೆ."

ಯಾವುದೇ ಒಂದು ಮನೆ. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಕೈ ತಾನಾಗಿಯೇ ಫೈಲಿಗೆ ಹೋಯಿತು. ಎಂಟು ಪುಟ ಅಲ್ಲೇ ಇತ್ತು, ಸೋಪು, ಸ್ಟೂಲು, ಮೂರು ಸಲ ಉಳಿದ ಮನುಷ್ಯ, ಎಲ್ಲಾ ಅಲ್ಲೇ ಇತ್ತು. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಮೇಜಿನ ಮೇಲಿದ್ದ ಪೆನ್ನಿನ ಡಬ್ಬ ಎತ್ತಿ ಗೋಡೆಗೆ ಎಸೆದೆ. ಗುಮಾಸ್ತರು ಗಾಬರಿಯಾಗಿ ಎದ್ದು ನಿಂತರು.

ಮಂಡಳಿಗೆ ಫೋನ್ ಮಾಡಿದೆ. ಅದೇ ಅಧಿಕಾರಿ ಮಾತಾಡಿದರು. ತೊಂಬತ್ತು ದಿನದೊಳಗೆ ಮರುಪರಿಶೀಲನೆ ಕೇಳಬಹುದು, ಆದರೆ ಹೊಸ ಸಂಗತಿ ಇರಬೇಕು ಅಂದರು.

"ಇದೆ ಸಾರ್. ಒಂದು ಮನೆಯ ಪತ್ರ ಇದೆ. ಎಂಟು ಪುಟ."

"ದಿನಾಂಕ ಏನಿದೆ?"

ನಾನು ಹೇಳಿದೆ.

"ಅಂದ್ರೆ ಆಕ್ಷೇಪಣೆಯ ಗಡುವಿಗೆ ಮುಂಚೆ ಬರೆದದ್ದು, ನಿಮ್ಮ ಹತ್ತಿರವೇ ಇತ್ತು. ಅದು ಹೊಸ ಸಂಗತಿ ಆಗೋದಿಲ್ಲ ಮೇಡಂ."

"ಇನ್ನೊಂದು ಸಲ ಬರೆಸಿ ಕಳಿಸಿದ್ರೆ?"

"ಕಾಗದ ಹೊಸದಾದ್ರೆ ಸಾಲದು. ಆದೇಶದ ನಂತರ ನಡೆದದ್ದಿರಬೇಕು." ಅವರ ದನಿಯಲ್ಲಿ ಎಳ್ಳಷ್ಟೂ ಒರಟುತನ ಇರಲಿಲ್ಲ. "ಯಾಕೆ ಆಗಲೇ ಕಳಿಸಲಿಲ್ಲ?"

ನಾನು ಫೋನ್ ಇಟ್ಟೆ. ದಿನಾಂಕವನ್ನು, ಪುಟದೊಳಗಿನ ತಿಂಗಳುಗಳನ್ನು ತಿದ್ದಿಬಿಡೋಣ ಅಂತಲೂ ಒಂದು ಗಳಿಗೆ ಯೋಚಿಸಿದೆ. ಕೈ ಬರಲಿಲ್ಲ. ಇಪ್ಪತ್ತೆರಡು ವರ್ಷ ಊರವರದ್ದೆಲ್ಲ ತಿದ್ದಿದವಳಿಗೆ, ತಿದ್ದಲೇಬೇಕಾದ ಒಂದು ಕಡೆ ಕೈ ಬರಲಿಲ್ಲ. ಅಕ್ಕನಿಗೆ ಆ ಫೋನಿನ ಮಾತು ಹೇಳಲಿಲ್ಲ. ಮಂಡಳಿಯವರು ಒಪ್ಪಲಿಲ್ಲ ಅಂತಷ್ಟೇ ಹೇಳಿದೆ. "ನೀನು ಇಷ್ಟೆಲ್ಲ ಕಷ್ಟಪಟ್ಟೆಯಲ್ಲ, ಬಿಡು" ಅಂತ ಅವಳೇ ನನಗೆ ಸಮಾಧಾನ ಹೇಳಿದಳು.

ಲೈನ್‌ಮನ್ ಬಂದು ತಂತಿ ಸುತ್ತಿಕೊಂಡು ಹೋದ. ಇಪ್ಪತ್ತು ವರ್ಷ ಅದೇ ತಂತಿ ರಿಪೇರಿ ಮಾಡಿದವನು, ಅಕ್ಕನ ಮನೆಯದ್ದನ್ನು ಕೊನೆಗೆ ಉಳಿಸಿಕೊಂಡಿದ್ದ. ಹಳೆಯ ಫೋನು ಸ್ಟೂಲಿನ ಮೇಲೇ ಇತ್ತು, ಅಕ್ಕ ದಿನಾ ಅದರ ಧೂಳು ಒರೆಸುತ್ತಿದ್ದಳು. ಗೋಡೆಗೆ ಡಬ್ಬಿ ಬಂತು, ಮೂರು ಹಸಿರು ದೀಪ. ಕರೆಂಟು ಹೋದಾಗ ಓಡುವ ಬ್ಯಾಟರಿ ಬೇಕಾದರೆ ಬೇರೆ ಅರ್ಜಿ ಕೊಡಬೇಕಂತೆ. ಆ ಅರ್ಜಿ ನಾನೇ ಬರೆದೆ, ಎರಡು ಸಲ. ಬ್ಯಾಟರಿ ಬರುವುದಿತ್ತು.

ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಗಾಳಿ ಎದ್ದಿತು. ಕೆಳಗಿನ ಊರಿನಲ್ಲಿ ಎರಡು ಮರ ಬಿದ್ದು ಊರಿಗೆಲ್ಲ ಕರೆಂಟು ಹೋಯಿತು. ನಾನು ಕಿಟಕಿಯ ಬೆಳಕಿನಲ್ಲಿ ಪುರಸಭೆಗಳ ಒಕ್ಕೂಟಕ್ಕೆ ಮನವಿ ತಿದ್ದುತ್ತಿದ್ದೆ, ಊರೂರಿನ ಗುಡ್ಡದ ಬೀದಿಗಳಿಗೆ ಮೊದಲು ಕೇಬಲ್ಲು ಕೊಡಬೇಕು ಅಂತ. ಕೆಳಗಿನ ಊರಿಗೆ ಕೇಬಲ್ಲು ಇನ್ನೂ ಬಂದಿರಲಿಲ್ಲ, ಹಾಗಾಗಿ ನನ್ನ ಮೇಜಿನ ಮೇಲೆ ಹಳೆಯ ಫೋನು ಜೀವಂತವಾಗಿತ್ತು. ಅದು ರಿಂಗಾಗಲಿಲ್ಲ. ರಿಂಗಾಗದ್ದರಿಂದ ನಾನು ನಿಶ್ಚಿಂತೆಯಾಗಿ ಇನ್ನೆರಡು ಪ್ಯಾರಾ ತಿದ್ದಿದೆ.

ಮೇಲೆ ಏನಾಯಿತು ಅಂತ ಅಕ್ಕ ಆಮೇಲೆ ಹೇಳಿದಳು. ಡಬ್ಬಿಯ ದೀಪ ಆರಿತು. ಪಕ್ಕದ ಮನೆಗೆ ಬೀಗ. ಅವಳು ಭಾವನಿಗೆ ಸಿಲಿಂಡರ್ ಹಾಕಿ, ಈಗ ಬಂದೆ ಅಂತ ಹೇಳಿ ತಾರಸಿಗೆ ಹೋದಳು. ಮೊಬೈಲು ಎರಡು ಸಲ ಹತ್ತಿ ಎರಡು ಸಲವೂ ಕಡಿಯಿತು. ಗಾಳಿಯಲ್ಲಿ ನರ್ಸಮ್ಮನಿಗೆ ಕೇಳಿಸಲಿ ಅಂತ ಗಂಟಲು ಹರಿಯುವ ಹಾಗೆ ಕೂಗಿದಳು. ಆಮೇಲೆ ಟವರೇ ಸತ್ತಿತು. ಆ ಮಂಡಿ ಇಟ್ಟುಕೊಂಡು ನೂರ ಹದಿನೆಂಟು ಮೆಟ್ಟಿಲು ಇಳಿದಳು. ನರ್ಸಮ್ಮ ಸಿಲಿಂಡರ್ ಹೊರಿಸಿಕೊಂಡು ಅವಳ ಜೊತೆ ಮೇಲೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಭಾವ ದಿಂಬಿಗೆ ಒರಗಿ ಕೂತ ಹಾಗೇ ಇದ್ದರು, ಮುಖ ತಾರಸಿಯ ಮೆಟ್ಟಿಲಿನ ಕಡೆ ತಿರುಗಿತ್ತು.

"ಹೋಗಿದ್ದು ಹೋದ್ರು" ಅಂದಳು ಅಕ್ಕ. "ನಾನು ಕಿರುಚಿದ್ದು ಅವರಿಗೆ ಕೇಳಿಸಿರತ್ತೆ ಕಣೆ. ಅದೇ ನನಗೆ..."

ಎಲ್ಲ ಮುಗಿದು ಎರಡು ವಾರವಾದ ಮೇಲೆ ಅಧ್ಯಕ್ಷರು ನನ್ನ ಕೋಣೆಗೆ ಬಂದರು. ಕುರ್ಚಿ ಇದ್ದರೂ ಕೂರಲಿಲ್ಲ. ಅಂಗಿಯ ಗುಂಡಿ ತಿರುಗಿಸುತ್ತ ನಿಂತರು.

"ಹೇಗೆ ಕೇಳೋದೋ ಗೊತ್ತಾಗ್ತಿಲ್ಲ ಮೇಡಂ. ಮರುಪರಿಶೀಲನೆಗೆ ಇನ್ನು ಹನ್ನೊಂದು ದಿನ ಇದೆ. ಆ ಬೀದೀಲಿ ಇನ್ನೂ ಇಬ್ಬರು ಮಿಷನ್ನಿನ ಮೇಲಿದ್ದಾರೆ. ಮಂಡಳಿಯವರು ಹೊಸ ಸಂಗತಿ ಬೇಕು ಅಂದಿದ್ರಲ್ಲ..."

ಅವರು ನನ್ನ ಮುಖ ನೋಡಲಿಲ್ಲ. ಅವರನ್ನು ಬೈಯಬೇಕು ಅನ್ನಿಸಿತು, ಆದರೆ ಅವರು ಹೇಳಿದ್ದು ಸರಿಯೇ ಇತ್ತು. ಮಂಡಳಿ ಕೇಳಿದ್ದು ಈಗ ನಮ್ಮ ಹತ್ತಿರ ಇತ್ತು.

ಬಿಳಿ ಹಾಳೆಗಳನ್ನೂ ಆ ಎಂಟು ಪುಟಗಳನ್ನೂ ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಮಿಷನ್ನನ್ನು ಯಾರೋ ತೆಗೆದುಕೊಂಡು ಹೋಗಿದ್ದರು, ನೆಲದ ಮೇಲೆ ಅದರ ನಾಲ್ಕು ಚಕ್ರದ ಗುರುತಿತ್ತು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ನಲ್ಲಿ ತೊಟ್ಟಿಕ್ಕುವುದು ಹೊರಗಿನ ಕೋಣೆಗೆ ಕೇಳುತ್ತಿತ್ತು. ಅಕ್ಕ ಚಹಾ ಕೊಟ್ಟಳು. ಮೇಲಿನ ಬೀದಿಯ ಇನ್ನಿಬ್ಬರ ವಿಷಯ ಹೇಳಿದೆ. ಕೇಳಿಸಿಕೊಂಡಳು.

"ಬರೀತೀನಿ. ಅವರಿಗಾದ್ರೂ ಉಪಯೋಗ ಆಗ್ಲಿ."

"ಅವತ್ತು ನಡೆದದ್ದನ್ನ ಬರಿ ಅಕ್ಕ. ನಡೆದ ಹಾಗೇ. ನೀನು ಮೊದಲು ಬರೆದಿದ್ದೆಯಲ್ಲ, ಹೀಗೆ." ಎಂಟು ಪುಟ ಅವಳ ಮುಂದಿಟ್ಟೆ.

ಅವಳು ಕನ್ನಡಕ ಹಾಕಿಕೊಂಡು ಮೊದಲ ಪುಟ ನೋಡಿದಳು, ಎರಡನೆಯದು ನೋಡಿದಳು. ಅಕ್ಕ, ಅವತ್ತು ತಪ್ಪು ಮಾಡಿದವಳು ನಾನು, ನಿನ್ನ ಈ ಕಾಗದ ಹೋಗಿದ್ದರೆ ಭಾವ ಇರುತ್ತಿದ್ದರೋ ಏನೋ ಅಂತ ಹೇಳಬೇಕಿತ್ತು. ಹೇಳುವ ಬದಲು ಚಹಾದ ಲೋಟ ಎತ್ತಿಕೊಂಡೆ. ಈ ಕೆಂಪು ಪೆನ್ನಮ್ಮನಿಗೆ ಊರವರ ಪರವಾಗಿ ಬರೆಯಲು ಬರುತ್ತದೆ, ತನ್ನ ಒಂದು ತಪ್ಪನ್ನು ಬಾಯಿ ಬಿಟ್ಟು ಹೇಳಲು ಬರುವುದಿಲ್ಲ. ಹೇಡಿ ನಾನು.

ಅಕ್ಕ ಪುಟಗಳನ್ನು ಜೋಡಿಸಿ ನನ್ನ ಕಡೆಗೇ ತಳ್ಳಿದಳು.

"ಇದರ ತುಂಬ ತಪ್ಪೇ ಇದೆಯಲ್ಲೇ. ಇದು ಬೇಡ. ನನಗೆ ಸರಿಯಾಗಿರೋದು ಜ್ಞಾಪಕ ಇದೆ."

ಬಿಳಿ ಹಾಳೆ ಎಳೆದುಕೊಂಡಳು. ಬಲ ಮೂಲೆಯಲ್ಲಿ ದಿನಾಂಕ ಹಾಕಿದಳು. ಒಂದು ಬೆರಳು ಜಾಗ ಬಿಟ್ಟು ವಿಷಯ ಬರೆದಳು. ಆಮೇಲೆ ನಾಲಿಗೆಯ ತುದಿ ಕಚ್ಚಿಕೊಂಡು, ಗುಂಡು ಗುಂಡಾದ ಅಕ್ಷರದಲ್ಲಿ, ಎಲ್ಲೂ ನಿಲ್ಲದೆ ಬರೆಯುತ್ತ ಹೋದಳು. ನಾನು ತಡೆಯಬೇಕಿತ್ತು. ಅವಳ ಕೈ ಓಡುವುದನ್ನು ನೋಡುತ್ತ ಕೂತೆ.

ಹಾಳೆಯನ್ನು ನನ್ನ ಕೈಗೆ ಕೊಟ್ಟಳು. "ತಪ್ಪಿದ್ರೆ ನೋಡು."

ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಪರ್ಯಾಯ ವ್ಯವಸ್ಥೆಯು ವಿದ್ಯುತ್ ವ್ಯತ್ಯಯದ ಸಂದರ್ಭದಲ್ಲಿ ಕಾರ್ಯನಿರ್ವಹಿಸದಿರುವುದರಿಂದ ಸಾರ್ವಜನಿಕರ ಸುರಕ್ಷತೆಗೆ ಧಕ್ಕೆಯುಂಟಾಗುವ ಸಂಭವವಿರುತ್ತದೆ.

ಕೊನೆಯವರೆಗೂ ಓದಿದೆ. ಒಂದೂ ತಪ್ಪಿರಲಿಲ್ಲ.